ಪ್ಲಾಸ್ಟಿಕ್ಕಿನ ಹೆಸರು ಹೊತ್ತ ಗಾಯಕಿ

ಲಂಡನ್ನಿನ ತರುಣಿಯೊಬ್ಬಳು 1976ರ ಸುಮಾರಿಗೆ ತನಗೊಂದು ಹೊಸ ಹೆಸರನ್ನು ಹುಡುಕಹೊರಟಳು. ಅದಕ್ಕಾಗಿ ಆಕೆ ಪುರಾಣವನ್ನಾಗಲಿ ಕಾವ್ಯವನ್ನಾಗಲಿ ತೆರೆಯಲಿಲ್ಲ; ವ್ಯಾಪಾರಿಗಳ ವಿಳಾಸವಿರುವ ಟೆಲಿಫೋನ್ ಡೈರೆಕ್ಟರಿಯನ್ನು ತೆರೆದಳು. ಅಲ್ಲಿ ಸಿಕ್ಕಿದ ಮಾತು 'ಪಾಲಿಸ್ಟೈರೀನ್'. ಹೊಸ ರೇಡಿಯೋ ಒಡೆಯದಿರಲೆಂದು ಪೆಟ್ಟಿಗೆಯೊಳಗೆ ಸುತ್ತಲೂ ಇಡುವ ಹಗುರವಾದ ಬಿಳಿಯ ಪ್ಲಾಸ್ಟಿಕ್ ಅದು. ಒಮ್ಮೆ ಕುಡಿದು ಬಿಸಾಡುವ ಲೋಟಗಳೂ ಅದರಿಂದ ಆಗುತ್ತವೆ. ಆ ಪದವನ್ನು ಎರಡಾಗಿ ಒಡೆದು ಆಕೆ ತನ್ನನ್ನು ಪಾಲಿ ಸ್ಟೈರೀನ್ ಎಂದು ಕರೆದುಕೊಂಡಳು. ಪಾಪ್ ಸಂಗೀತದ ತಾರೆಯೂ ಕಾರ್ಖಾನೆಯಲ್ಲಿ ತಯಾರಾಗಿ, ನಾಲ್ಕು ದಿನ ಬಳಕೆಯಾಗಿ, ತಿಪ್ಪೆ ಸೇರುವ ಸರಕೇ ಎಂಬುದು ಆ ಹೆಸರಿನೊಳಗಿನ ಕುಚೋದ್ಯ. ಮೂರೇ ವರ್ಷಗಳಲ್ಲಿ ಆ ಕುಚೋದ್ಯ ಆಕೆಯ ಪಾಲಿಗೆ ನಿಜವಾಗುವ ಹಂತಕ್ಕೆ ಬಂದಿತು. 'ಎಕ್ಸ್‌-ರೇ ಸ್ಪೆಕ್ಸ್' ಎಂಬ ಅಲ್ಪಾಯುಷಿ ವಾದ್ಯತಂಡದ ಕಥೆ ಇದೇ.

ಆಕೆಯ ನಿಜನಾಮ ಮೇರಿಯಾನ್ ಎಲಿಯಟ್. ಹುಟ್ಟಿದ್ದು 1957ರ ಜುಲೈ 3ರಂದು. ತಂದೆ ಸೋಮಾಲಿಯಾದವರು, ತಾಯಿ ಬಿಳಿಯ ಮಹಿಳೆ. ಲಂಡನ್ನಿನ ಬ್ರಿಕ್ಸ್‌ಟನ್ ಎಂಬ ಬಡಾವಣೆಯಲ್ಲಿ ತಾಯಿಯೇ ಮಕ್ಕಳನ್ನು ಸಾಕಿದಳು. ಕಪ್ಪೂ ಅಲ್ಲದ ಬಿಳುಪೂ ಅಲ್ಲದ ಮೈಬಣ್ಣದ ಹುಡುಗಿಗೆ 'ನೀನು ಯಾರು?' ಎಂಬ ಪ್ರಶ್ನೆ ಬಾಲ್ಯದಿಂದಲೇ ಬೆನ್ನು ಹತ್ತಿತ್ತು.

ಬ್ರಿಟನ್ನಿಗೂ ಆಗ ಸುಖವಿರಲಿಲ್ಲ. 1976ರಲ್ಲಿ ನಿರುದ್ಯೋಗಿಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಒಮ್ಮೆ ಭೂಮಂಡಲವನ್ನೇ ಆಳಿದ ದೇಶದ ಸರ್ಕಾರ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲಲ್ಲಿ ಸಾಲಕ್ಕಾಗಿ ನಿಂತಿತ್ತು. ರಾಕ್ ಸಂಗೀತವೋ, ದುಬಾರಿ ವಾದ್ಯಗಳೂ ದೊಡ್ಡ ಸಭಾಂಗಣಗಳೂ ಸೇರಿ ಕೈಯಲ್ಲಿ ಕಾಸಿಲ್ಲದ ಹುಡುಗರಿಗೆ ಎಟುಕದಂತಾಗಿತ್ತು. ಇದರ ವಿರುದ್ಧ ಎದ್ದ ದಂಗೆಯೇ 'ಪಂಕ್'. ಆಂಗ್ಲದಲ್ಲಿ ಆ ಮಾತಿಗೆ ಪೋಕರಿ ಎಂದರ್ಥ. ನಮ್ಮ 'ಪಂಕ'ಕ್ಕೂ ಅದಕ್ಕೂ ನಂಟಿಲ್ಲ. ಆದರೂ ಅಲ್ಲಿನ ಸಭ್ಯ ಗೃಹಸ್ಥರು ಅದನ್ನು ಕೆಸರೆಂದೇ ಬಗೆದರು. ಗಿಟಾರಿನ ಮೇಲೆ ಮೂರು ಸ್ವರಮೇಳಗಳನ್ನು ನುಡಿಸಬಲ್ಲವನಿಗೆ ವೇದಿಕೆ ಏರುವ ಹಕ್ಕಿದೆ ಎಂಬುದು ಆ ಪೋಕರಿಗಳ ಧೋರಣೆಯಾಗಿತ್ತು.

ತನ್ನ ಹತ್ತೊಂಬತ್ತನೆಯ ಹುಟ್ಟುಹಬ್ಬದಂದು ಮೇರಿಯಾನ್ ಹೇಸ್ಟಿಂಗ್ಸ್ ಪಟ್ಟಣದ ಕಡಲಕಟ್ಟೆಯ ಮೇಲೆ ಸೆಕ್ಸ್ ಪಿಸ್ಟಲ್ಸ್ ಎಂಬ ತಂಡದ ಹಾಡನ್ನು ಕೇಳಿದಳು. ಇಷ್ಟನ್ನು ತಾನೂ ಮಾಡಬಲ್ಲೆನೆಂಬ ಧೈರ್ಯ ಮೂಡಿತು. ಸಂಗೀತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಜೊತೆಗಾರರನ್ನು ಕೂಡಿಸಿದಳು. ಜಾಕ್ ಏರ್‌ಪೋರ್ಟ್ ಎಂದು ಹೆಸರಿಟ್ಟುಕೊಂಡವನು ಗಿಟಾರ್ ನುಡಿಸಿದ. ಪಾಲ್ ಡೀನ್ ಬೇಸ್ ಗಿಟಾರ್ ಹಿಡಿದ. ಪಾಲ್ ಹರ್ಡಿಂಗ್ ಡ್ರಮ್ಮಿನ ಮುಂದೆ ಕುಳಿತ. ಇನ್ನೂ ಶಾಲೆಗೆ ಹೋಗುತ್ತಿದ್ದ ಲೋರಾ ಲಾಜಿಕ್ ಸ್ಯಾಕ್ಸೊಫೋನ್ ಊದಿದಳು. ಪಂಕ್ ತಂಡಗಳಲ್ಲಿ ಅಪರೂಪವಾದ ಆ ವಾದ್ಯವೇ ಇವರ ಹಾಡುಗಳಿಗೆ ವಿಶೇಷವಾದ ಮೆರಗನ್ನು ತಂದಿತು. ಮಕ್ಕಳ ಚಿತ್ರಕಥೆ ಪುಸ್ತಕಗಳ ಜಾಹೀರಾತಿನಲ್ಲಿ ಬರುತ್ತಿದ್ದ, ಗೋಡೆಯಾಚೆಗೂ ಕಾಣಿಸುವುದೆಂದು ನಂಬಿಸುವ ಅಗ್ಗದ ಆಟಿಕೆಯ ಕನ್ನಡಕದ ಹೆಸರೇ ತಂಡದ ಹೆಸರಾಯಿತು.

ಪಾಲಿಯ ರೂಪ ಅಂದಿನ ಗಾಯಕಿಯರ ಸಾಲಿಗೆ ಸೇರುವಂಥದಾಗಿರಲಿಲ್ಲ. ಹಲ್ಲುಗಳಿಗೆ ದಂತವೈದ್ಯರು ಬಿಗಿದ ತಂತಿ. ಮೈಮೇಲೆ ಕಣ್ಣು ಕುಕ್ಕುವ ಬಣ್ಣದ, ಒಂದಕ್ಕೊಂದು ಹೊಂದದ ಉಡುಪು. ತನ್ನನ್ನು ಯಾರಾದರೂ ಮೋಹಕ ಸುಂದರಿಯನ್ನಾಗಿ ಮಾರಲೆತ್ನಿಸಿದರೆ ತಲೆ ಬೋಳಿಸಿಕೊಳ್ಳುವೆನೆಂದು ಆಕೆ ಮೊದಲೇ ಸಾರಿದ್ದಳು. ಕಂಠವಂತೂ ಸೈರನ್ನಿನಂತೆ ಸಭಾಂಗಣವನ್ನು ಸೀಳುತ್ತಿತ್ತು. ಆದರೆ ಆ ಅಬ್ಬರದ ಒಡಲಲ್ಲಿ, ಮನೆಗೆ ಹೋಗುವಾಗ ಗುನುಗಿಕೊಳ್ಳಬಹುದಾದ ಸರಳ ಧಾಟಿಯೊಂದು ಯಾವಾಗಲೂ ಇರುತ್ತಿತ್ತು.

ಮೊದಲ ರೆಕಾರ್ಡು 'ಓ ಬಾಂಡೇಜ್, ಅಪ್ ಯುವರ್ಸ್!' 1977ರಲ್ಲಿ ಹೊರಬಂದಿತು. ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಂಡು ಅಂದವಾಗಿ ಕುಳಿತಿರಬೇಕೆಂಬ ಹಳೆಯ ನೀತಿಯನ್ನು ಅದು ಅಣಕಿಸಿತು. ಹೆಣ್ಣನ್ನೂ ಗ್ರಾಹಕನನ್ನೂ ಕಟ್ಟಿಹಾಕುವ ಸಂಕೋಲೆಯನ್ನು ಧಿಕ್ಕರಿಸಿತು. ಶೀರ್ಷಿಕೆಯಲ್ಲಿ ಅಶ್ಲೀಲವನ್ನು ಕಂಡ ಬಿ.ಬಿ.ಸಿ. ಅದನ್ನು ಪ್ರಸಾರ ಮಾಡಲಿಲ್ಲ. ಮುಂದಿನ ವರ್ಷ ಇ.ಎಂ.ಐ. ಕಂಪನಿ ತಂಡವನ್ನು ಕೈಗೆತ್ತಿಕೊಂಡಿತು. 1978ರಲ್ಲಿ ಮೂರು ಹಾಡುಗಳು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಕ್ರಮವಾಗಿ 23, 24 ಮತ್ತು 19ನೆಯ ಸ್ಥಾನಗಳಿಗೇರಿದವು. ನವೆಂಬರಿನಲ್ಲಿ 'ಜರ್ಮ್‌ಫ್ರೀ ಅಡೊಲೆಸೆಂಟ್ಸ್' ಎಂಬ ಎಲ್.ಪಿ. ಬಂದಿತು. ಹಲ್ಲುಜ್ಜುವುದರಲ್ಲಿಯೇ ಮೋಕ್ಷ ಕಾಣುವ ಯುವಜನ, ಕೃತಕ ಬಣ್ಣಗಳಲ್ಲಿ ಮುಳುಗಿದ ಜಗತ್ತು, ಕನ್ನಡಿಯಲ್ಲಿ ತನ್ನನ್ನೇ ಗುರುತಿಸಲಾರದ ಹುಡುಗಿ: ಇವು ಆಕೆಯ ವಸ್ತುಗಳು. ಇತರ ಪಂಕ್ ತಂಡಗಳು ರಾಣಿಯನ್ನೂ ಮಂತ್ರಿಗಳನ್ನೂ ಜರೆಯುತ್ತಿದ್ದಾಗ ಪಾಲಿ ಅಂಗಡಿಬೀದಿಯನ್ನು ನೋಡಿ ನಕ್ಕಳು.

ಅದೇ ವರ್ಷದ ಏಪ್ರಿಲ್ 30ರಂದು ವರ್ಣದ್ವೇಷದ ವಿರುದ್ಧ ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ನಡೆದ ಭಾರಿ ಸಭೆಯಲ್ಲಿ ಆಕೆ ಹತ್ತಾರು ಸಾವಿರ ಮಂದಿಯೆದುರು ಹಾಡಿದಳು. ಕರಿಯರನ್ನು ದೇಶದಿಂದಾಚೆಗೆ ಕಳುಹಿಸಬೇಕೆಂದು ಕೂಗುವ ಪಕ್ಷವೊಂದು ಬೀದಿಗಿಳಿದಿದ್ದ ಆ ದಿನಗಳಲ್ಲಿ, ಸೋಮಾಲಿ ತಂದೆಯ ಮಗಳು ಅಲ್ಲಿ ನಿಂತದ್ದೇ ಒಂದು ಉತ್ತರವಾಗಿತ್ತು.

ಆದರೆ ಹೊರಗೆ ಗೆಲುವು ಬೆಳೆದಂತೆ ಒಳಗೆ ಬಿರುಕು ಬೆಳೆಯಿತು. ಮೊದಲ ರೆಕಾರ್ಡಿನ ತರುವಾಯ ಲೋರಾಳನ್ನು ತಂಡದಿಂದ ಹೊರಗೆ ಕಳುಹಿಸಲಾಗಿತ್ತು. ಊರಿಂದೂರಿಗೆ ಪಯಣ, ರಾತ್ರಿಯೆಲ್ಲ ಜಾಗರಣೆ, ಎಲ್ಲಿ ನೋಡಿದರೂ ತನ್ನದೇ ಭಾವಚಿತ್ರ. ಡಾನ್‌ಕಾಸ್ಟರಿನಲ್ಲಿ ಕಛೇರಿ ಮುಗಿದ ಒಂದು ರಾತ್ರಿ ಕಿಟಕಿಯಾಚೆ ಗುಲಾಬಿ ಬಣ್ಣದ ಬೆಳಕಿನ ಗೋಳವನ್ನು ಕಂಡುದಾಗಿ ಆಕೆ ಹೇಳಿದಳು. ಆಸ್ಪತ್ರೆಯವರು ಅದನ್ನು ಸ್ಕಿಜೊಫ್ರೇನಿಯಾ ಎಂದರು. ಆ ನಿದಾನ ತಪ್ಪೆಂದೂ, ಕಾಯಿಲೆ ಉನ್ಮಾದ ಖಿನ್ನತೆಗಳು ಸರದಿಯಲ್ಲಿ ಬರುವ ಬೇರೊಂದು ಬಗೆಯದೆಂದೂ ತಿಳಿದದ್ದು 1991ರಲ್ಲಿ. ಅಷ್ಟು ವರ್ಷ ಆಕೆ ತನ್ನದಲ್ಲದ ರೋಗದ ಹೆಸರನ್ನು ಹೊತ್ತು ಬಾಳಿದಳು. ತಾನು ಹಾಸ್ಯಕ್ಕಾಗಿ ಆಯ್ದುಕೊಂಡ ಹೆಸರಿಗಿಂತ ವೈದ್ಯರು ಕೊಟ್ಟ ಹೆಸರು ಭಾರವಾಗಿದ್ದಿರಬೇಕು.

1979ರಲ್ಲಿ ಆಕೆ ತಂಡವನ್ನು ಬಿಟ್ಟಳು, ತಂಡ ಮುರಿಯಿತು. ಐದು ಸಣ್ಣ ರೆಕಾರ್ಡುಗಳು, ಒಂದು ಎಲ್.ಪಿ. - ಗಳಿಕೆ ಇಷ್ಟೇ. ಇನ್ನೆರಡು ವರ್ಷ ಹಾಡಿದ್ದರೆ ಸಿರಿವಂತೆಯಾಗುತ್ತಿದ್ದಳೋ ಏನೋ. ಬಿಸಾಡುವ ಕೈ ಬರುವ ಮುನ್ನವೇ ಆಕೆ ಎದ್ದುಹೋದಳು.

1983ರಲ್ಲಿ ಆಕೆ ಇಸ್ಕಾನ್ ಸಂಸ್ಥೆಯ ಹರೇಕೃಷ್ಣ ಪಂಥವನ್ನು ಸೇರಿ, ಲಂಡನ್ನಿಗೆ ಸಮೀಪದಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ದಾನವಾಗಿ ಕೊಟ್ಟಿದ್ದ ಭಕ್ತಿವೇದಾಂತ ಮ್ಯಾನರ್ ಎಂಬ ಆಶ್ರಮದಲ್ಲಿ ನೆಲೆಸಿದಳು. ಲೋರಾಳೂ ಆ ಪಂಥಕ್ಕೆ ಸೇರಿದ್ದಳು. ಹಳೆಯ ಮನಸ್ತಾಪ ಕರಗಿ ಇಬ್ಬರೂ 1995ರಲ್ಲಿ ಮತ್ತೊಂದು ರೆಕಾರ್ಡನ್ನು ಹೊರತಂದರು. ಆದರೆ ಭಕ್ತಿಯೊಂದರಿಂದಲೇ ಕಾಯಿಲೆ ವಾಸಿಯಾಗಲಿಲ್ಲ. 1981ರಲ್ಲಿ ಹುಟ್ಟಿದ ಮಗಳು ಸೆಲೆಸ್ಟ್ ಬಾಲ್ಯದಲ್ಲಿಯೇ ತಾಯಿಯನ್ನು ಬಿಟ್ಟು ಅಜ್ಜಿಯ ಮನೆ ಸೇರಬೇಕಾಯಿತು. 2008ರಲ್ಲಿ ತಂಡದ ಹೆಸರಿನಲ್ಲಿ ಲಂಡನ್ನಿನ ರೌಂಡ್‌ಹೌಸಿನಲ್ಲಿ ಪಾಲಿ ಮತ್ತೊಮ್ಮೆ ಹಾಡಿದಳು. 2011ರ ಮಾರ್ಚಿಯಲ್ಲಿ ಆಕೆಯ ಕೊನೆಯ ಆಲ್ಬಮ್ ಹೊರಬಂದಿತು. ಏಪ್ರಿಲ್ 25ರಂದು ಕ್ಯಾನ್ಸರಿಗೆ ತುತ್ತಾಗಿ 53ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ತಾಯಿಯ ಕುರಿತು ಸೆಲೆಸ್ಟ್ ಪಾಲ್ ಸಂಗ್ ಎಂಬವರೊಡನೆ ಸೇರಿ ನಿರ್ದೇಶಿಸಿದ ಸಾಕ್ಷ್ಯಚಿತ್ರ 2021ರಲ್ಲಿ ಬಂದಿತು. ತಾಯಿಯನ್ನು ಅಲ್ಲಿ ದೇವತೆಯೆಂದು ಪೂಜಿಸಿಲ್ಲ. ಬಾಲ್ಯದ ನೋವನ್ನೂ ಮುಚ್ಚಿಟ್ಟಿಲ್ಲ. ಲೋಕಕ್ಕೆ ಬಂಡಾಯದ ದನಿಯಾದವಳು ಮನೆಯಲ್ಲಿ ಎಷ್ಟು ತಾಯಿಯಾಗಿದ್ದಳೆಂಬ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಮಗಳಿಗಲ್ಲದೆ ಬೇರಾರಿಗೂ ಇಲ್ಲ. ಸೆಲೆಸ್ಟ್ ಆ ಉತ್ತರವನ್ನು ಮರುಕದಿಂದ ಕೊಟ್ಟಿದ್ದಾಳೆ.

ಪಾಲಿಸ್ಟೈರೀನ್ ಎಂಬ ವಸ್ತುವಿನಲ್ಲಿ ಇನ್ನೊಂದು ಗುಣವಿದೆ. ಬಿಸಾಡುವುದು ಸುಲಭ; ಆದರೆ ಬಿಸಾಡಿದ ಮೇಲೆ ಅದು ಮಣ್ಣಿನಲ್ಲಿ ಬೇಗ ಕರಗುವುದಿಲ್ಲ. ಹೆಸರನ್ನು ಆರಿಸಿದ ದಿನ ಹತ್ತೊಂಬತ್ತರ ಹುಡುಗಿಗೆ ಇದು ಹೊಳೆದಿತ್ತೋ ಇಲ್ಲವೋ. ಆಕೆಯ ಹಾಡುಗಳಂತೂ ಇನ್ನೂ ಕರಗಿಲ್ಲ.