ಚಿಗರಿಗೆ ಬೈದ್ರೆ ಆಡಿನ ಜಂತು ಹೋಗಲ್ಲ

ಕವಿತಾಳ: ಮಳೆಗಾಲದಾಗ ಆಡು ಸೊರಗಿ, ಗದ್ದದ ಕೆಳಗೆ ನೀರು ತುಂಬಿದ್ರೆ ಹೊಲದಾಗಿನ ಚಿಗರಿ ಮೇಲೆ ತಪ್ಪು ಹೊರಿಸೋದು ಸುಲಭ. ಅದರಲ್ಲಿ ಅರ್ಧ ನಿಜವೂ ಇದೆ. ಹೊಟ್ಟೆಯೊಳಗೆ ರಕ್ತ ಹೀರುವ ಹಿಮಾಂಕಸ್ ಜಂತು ಚಿಗರಿಯಲ್ಲೂ (ಕೃಷ್ಣಮೃಗ) ಇರುತ್ತದೆ, ಆಡು-ಕುರಿಯಲ್ಲೂ ಇರುತ್ತದೆ. ಒಂದು ಹೆಣ್ಣು ಜಂತು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಅವು ಹಿಕ್ಕಿಯಲ್ಲಿ ಹೊರಬಿದ್ದು, ಮರಿಯಾಗಿ ಹಸಿ ಹುಲ್ಲು ಸೇರುತ್ತವೆ.

ಆದರೆ ದಿನಾ ಅದೇ ಜಾಗದಲ್ಲಿ ಹಿಕ್ಕಿ ಹಾಕೋದು ನಮ್ಮದೇ ಹಿಂಡು. ಚಿಗರಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಕೊಂದರೆ ಜೈಲು.

ನಮ್ಮ ಕೈಯಲ್ಲಿರೋದು ಇಷ್ಟು: ಇಬ್ಬನಿ ಆರಿದ ಮೇಲೆ ಮೇಯಿಸಿ. ಜಾಲಿ, ಬಾರಿ ಸೊಪ್ಪು ಹೆಚ್ಚು ತಿನ್ನಿಸಿ; ಮರಿಹುಳ ನೆಲದ ಹುಲ್ಲಲ್ಲೇ ಜಾಸ್ತಿ. ಕಣ್ಣಿನ ಒಳರೆಪ್ಪೆ ಬಿಳಿಚಿದ್ರೆ ತಡ ಮಾಡದೆ ಪಶು ಆಸ್ಪತ್ರೆಗೆ ಹೋಗಿ.

ಕುರಿಯ ಡೋಸ್ ಆಡಿಗೆ ಬಹಳಷ್ಟು ಸಲ ಸಾಲದು. ಅಂದಾಜಿಗೆ ಕಡಿಮೆ ಕುಡಿಸಿದ್ರೆ ಜಂತು ಪಳಗಿ, ಮುಂದೆ ಅದೇ ಔಷಧ ನಾಟುವುದಿಲ್ಲ. ಮೆಡಿಕಲ್ ಅಂಗಡಿಯವರೂ ಆಡಿನ ತೂಕ, ವೈದ್ಯರ ಚೀಟಿ ಕೇಳಿಯೇ ಬಾಟಲಿ ಕೊಡಲಿ. ಆಡು ಉಳಿದ್ರೆ ತಾನೇ ಸಂತೆ, ಅಂಗಡಿ ನಡೆಯೋದು?