ನಾಲೆಯ ಏರಿ ಮತ್ತು ಸರ್ಕಾರದ ಹೊಣೆ: ಒಂದು ಮನವಿ ಪತ್ರ

ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರ ಸನ್ನಿಧಿಗೆ,
ಕರ್ನಾಟಕ ಕಾನೂನು ಆಯೋಗ, ಬೆಂಗಳೂರು.

ವಿಷಯ: ಸರ್ಕಾರ ಮತ್ತು ಅದರ ನಿಗಮಗಳ ನಿರ್ಲಕ್ಷ್ಯದಿಂದಾಗುವ ಹಾನಿಗೆ ನಷ್ಟಪರಿಹಾರದ ಹೊಣೆಯನ್ನು ಗೊತ್ತುಪಡಿಸುವ ಶಾಸನವನ್ನು ಕುರಿತು.

ಮಾನ್ಯರೆ,

ಮದ್ದೂರು ತಾಲ್ಲೂಕು ಬೆಸಗರಹಳ್ಳಿ ಹೋಬಳಿಯ ನಿವಾಸಿಗಳಾದ ನಾವು, ಮೊದಲು ಇರ್ವಿನ್ ನಾಲೆಯೆನಿಸಿ ಅನಂತರ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಕಾಲುವೆಯು ಮಂಡ್ಯ ಜಿಲ್ಲೆಯ ಬಯಲಿಗೆ ಭತ್ತವನ್ನೂ ಕಬ್ಬನ್ನೂ ತಂದುಕೊಟ್ಟ ಉಪಕಾರವನ್ನು ಮರೆತವರಲ್ಲ. ಆದಾಗ್ಯೂ 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸೊಂದು ಆ ನಾಲೆಗೆ ಉರುಳಿ 30 ಮಂದಿ ಅಸುನೀಗಿದರೆಂಬುದನ್ನೂ, 2023ರ ಜುಲೈಯಲ್ಲಿ ಗಾಮನಹಳ್ಳಿಯ ಬಳಿ ನಾಲ್ವರು ಮಹಿಳೆಯರು, ನವೆಂಬರಿನಲ್ಲಿ ಬನಘಟ್ಟದ ಬಳಿ ಐವರು ಕಾರುಗಳ ಸಮೇತ ಅದೇ ನೀರಿಗೆ ಬಲಿಯಾದರೆಂಬುದನ್ನೂ ತಮ್ಮ ಅವಗಾಹನೆಗೆ ತರಬೇಕಾಗಿದೆ.

ಕನಗನಮರಡಿಯ ಮೃತರ ಕುಟುಂಬಗಳಿಗೆ ಸರ್ಕಾರ ತಲಾ 5 ಲಕ್ಷ ರೂಪಾಯಿಗಳನ್ನು ಘೋಷಿಸಿತು. ಕಣ್ಣೀರಿನ ಹೊತ್ತಿನಲ್ಲಿ ಬಂದ ಆ ನೆರವನ್ನು ನಾವು ಹಳಿಯುವುದಿಲ್ಲ. ಆದರೆ ಕೃಪೆಯಿಂದ ಕೊಟ್ಟದ್ದಕ್ಕೆ ಅಳತೆಯೂ ಇಲ್ಲ, ಅದು ಸಾಲದೆಂದು ಪ್ರಶ್ನಿಸುವ ಅಧಿಕಾರವೂ ಪಡೆದವನಿಗಿಲ್ಲ. ನ್ಯಾಯಾಲಯಗಳಲ್ಲಿ ಟಾರ್ಟ್ ಎಂದು ಕರೆಯಲ್ಪಡುವ ಅಪಕೃತ್ಯ ನ್ಯಾಯದ ದಾರಿಯೇ ಬೇರೆ. ತನ್ನ ಕೃತಿಯಿಂದಾಗಲಿ ಉಪೇಕ್ಷೆಯಿಂದಾಗಲಿ ಅನ್ಯರಿಗೆ ಕೇಡಾಗಬಹುದೆಂದು ಮುಂಗಾಣಬಲ್ಲವನು ಜಾಗರೂಕನಾಗಿರಲು ಬದ್ಧನು. ಆ ಕರ್ತವ್ಯ ತಪ್ಪಿದ್ದರಿಂದಲೇ ಹಾನಿಯಾದುದು ಸಿದ್ಧವಾದರೆ, ಹಾನಿಯನ್ನು ತುಂಬಿಕೊಡುವುದು ಅವನ ಋಣ. ಆಳವಾದ ನಾಲೆಯ ಏರಿಯ ಮೇಲೆ ಬಸ್ಸು ಸಂಚರಿಸುವ ರಸ್ತೆಯಿದ್ದು ತಿರುವಿನಲ್ಲಿ ತಡೆಗೋಡೆಯಿಲ್ಲದಿದ್ದರೆ ಏನಾದೀತೆಂಬುದನ್ನು ಮುಂಗಾಣಲು ಅಭಿಯಂತರರ ವಿದ್ಯೆಯೇನೂ ಬೇಕಿಲ್ಲ.

ಇಂಥ ಪ್ರಕರಣಗಳಲ್ಲಿ ಚಾಲಕನ ವೇಗವನ್ನೊಂದನ್ನೇ ಎತ್ತಿ ಆಡುವುದು ವಾಡಿಕೆಯಾಗಿದೆ. ಚಾಲಕನ ತಪ್ಪಿರಬಹುದು, ಆದರೆ ಇಬ್ಬರ ನಿರ್ಲಕ್ಷ್ಯ ಕೂಡಿ ಮೂರನೆಯವನಿಗೆ ಹಾನಿಯಾದಾಗ ಅವನು ಇಬ್ಬರಲ್ಲಿ ಯಾರಿಂದಲಾದರೂ ಪೂರ್ಣ ಪರಿಹಾರವನ್ನು ವಸೂಲು ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2015ರ ಖೆನ್ಯೇಯಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಟಿಕೆಟು ಕೊಂಡು ಕುಳಿತ ಪ್ರಯಾಣಿಕನ ತಪ್ಪಾದರೂ ಏನು?

ಸರ್ಕಾರದ ಹೊಣೆಯ ವಿಚಾರದಲ್ಲಿ ನ್ಯಾಯವು ಎರಡು ದಿಕ್ಕಿಗೆ ಎಳೆಯಲ್ಪಟ್ಟಿದೆ. ಉದಯಪುರದ ಕಲೆಕ್ಟರರ ಜೀಪು ದಾರಿಹೋಕನನ್ನು ಕೆಡವಿದ ವಿದ್ಯಾವತಿ ಪ್ರಕರಣದಲ್ಲಿ (1962) ರಾಜ್ಯವೇ ಹೊಣೆಯೆಂದಾಯಿತು. ಮೀರತ್ತಿನ ಪೊಲೀಸರು ವಶಪಡಿಸಿಕೊಂಡ ಚಿನ್ನವನ್ನು ಹೆಡ್ ಕಾನ್‌ಸ್ಟೇಬಲನೇ ಅಪಹರಿಸಿ ಓಡಿಹೋದ ಕಸ್ತೂರಿಲಾಲ್ ಪ್ರಕರಣದಲ್ಲಾದರೋ ಸಾರ್ವಭೌಮ ಕಾರ್ಯವೆಂಬ ನೆಪದಿಂದ ರಾಜ್ಯ ಪಾರಾಯಿತು. 1994ರಲ್ಲಿ ಜಯಲಕ್ಷ್ಮಿ ಸಾಲ್ಟ್ ವರ್ಕ್ಸ್ ಪ್ರಕರಣದಲ್ಲಿ, ಸರ್ಕಾರ ಕಟ್ಟಿದ ಒಡ್ಡಿನ ದೋಷದಿಂದ ಉಪ್ಪಿನ ಕಾರ್ಖಾನೆಗೆ ನೀರು ನುಗ್ಗಿದುದಕ್ಕೆ ಸರ್ಕಾರವನ್ನೇ ಹೊಣೆಯಾಗಿಸಿದ ತೀರ್ಪು ನಮ್ಮ ಪ್ರಕರಣಕ್ಕೆ ಬಲು ಸಮೀಪದ್ದು. ಸಂವಿಧಾನದ 300ನೆಯ ಅನುಚ್ಛೇದವು ಈ ಹೊಣೆಯನ್ನು ಹಿಂದಿನ ಪ್ರಾಂತಗಳ ಮತ್ತು ಸಂಸ್ಥಾನಗಳ ಹೊಣೆಯಿಂದ ಅಳೆಯುವುದರಿಂದ, ಇಂದು ಮಂಡ್ಯದ ವಿಧವೆಯೊಬ್ಬಳು ತನ್ನ ಹಕ್ಕನ್ನು ಅರಿಯಲು ಮೈಸೂರು ಅರಸರ ಕಾಲವನ್ನು ಕೆದಕಬೇಕಾಗುವ ವಿಚಿತ್ರ ಉಂಟಾಗಿದೆ! ಅದೇ ಅನುಚ್ಛೇದವು ಶಾಸನದಿಂದ ಇದನ್ನು ತಿದ್ದಲು ಅವಕಾಶವಿತ್ತಿದೆ. ‘ದಾವೆಯೋಗ್ಯ ಅಪಕೃತ್ಯಗಳು’ ಸಮವರ್ತಿ ಪಟ್ಟಿಯ 8ನೆಯ ನಮೂದಾಗಿರುವುದರಿಂದ ರಾಜ್ಯ ವಿಧಾನಮಂಡಲವೂ ಈ ಕಾರ್ಯಕ್ಕೆ ಅಧಿಕಾರವುಳ್ಳದ್ದು. ಭಾರತದ ಕಾನೂನು ಆಯೋಗ 1956ರಲ್ಲಿ ತನ್ನ ಮೊಟ್ಟಮೊದಲ ವರದಿಯನ್ನೇ ಈ ವಿಷಯಕ್ಕೆ ಮೀಸಲಿಟ್ಟಿತು. ಅನಂತರ ಲೋಕಸಭೆಗೆ ಬಂದ ಮಸೂದೆಗಳು ಕಾನೂನಾಗಲಿಲ್ಲ.

ವಾಹನದ ಮಾಲೀಕನ ಮೇಲೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸುವುದು ಸುಲಭ. ಸರ್ಕಾರದ ಮೇಲಾದರೆ ಸಾಮಾನ್ಯವಾಗಿ ಎರಡು ತಿಂಗಳ ನೋಟೀಸು, ಕೇಳುವ ಮೊತ್ತಕ್ಕೆ ತಕ್ಕ ನ್ಯಾಯಾಲಯ ಶುಲ್ಕ, 1855ರ ಮಾರಕ ಅಪಘಾತಗಳ ಅಧಿನಿಯಮದಡಿ ಮರಣದಿಂದ ಎರಡೇ ವರ್ಷಗಳ ಕಾಲಮಿತಿ.

ಆದಕಾರಣ, ನಾಲೆ, ಕೆರೆ, ರಸ್ತೆ, ಸೇತುವೆಗಳ ನಿರ್ವಹಣೆಯಲ್ಲಿ ಸರ್ಕಾರಕ್ಕೂ ನಿಗಮಗಳಿಗೂ ಖಾಸಗಿ ಒಡೆಯನಷ್ಟೇ ಹೊಣೆಯಿರತಕ್ಕದ್ದೆಂದೂ, ಸಾರ್ವಭೌಮ ಕಾರ್ಯವೆಂಬ ಪ್ರತಿವಾದ ಅಲ್ಲಿ ಸಲ್ಲದೆಂದೂ ಸಾರುವ ಕರಡು ಮಸೂದೆಯನ್ನು ಆಯೋಗವು ಸಿದ್ಧಪಡಿಸಿ ಶಿಫಾರಸು ಮಾಡಬೇಕೆಂದು ಪ್ರಾರ್ಥಿಸುತ್ತೇವೆ. ಅಪಾಯದ ಏರಿಗಳ ಪಟ್ಟಿಯನ್ನು ಆಯಾ ಗ್ರಾಮ ಪಂಚಾಯಿತಿಯಲ್ಲಿ ಪ್ರಕಟಿಸುವುದನ್ನು ಕಡ್ಡಾಯಗೊಳಿಸಿ, ಪಟ್ಟಿಗೆ ಸೇರಿದ ಸ್ಥಳದಲ್ಲಿ ತಡೆಗೋಡೆಯಿಲ್ಲದೆ ಅಪಘಾತವಾದರೆ ನಿರ್ಲಕ್ಷ್ಯವಿರಲಿಲ್ಲವೆಂದು ರುಜುವಾತುಪಡಿಸುವ ಭಾರವನ್ನು ಇಲಾಖೆಯ ಮೇಲೆಯೇ ಹೊರಿಸಬೇಕು. ಮೃತರ ಅವಲಂಬಿತರಿಗೆ ನ್ಯಾಯಾಲಯ ಶುಲ್ಕವನ್ನು ಮನ್ನಾ ಮಾಡಬೇಕು. ಸರ್ಕಾರ ಮೊದಲೇ ಕೊಟ್ಟ ನೆರವಿನ ಹಣವು ದಾವೆ ಹೂಡುವ ಹಕ್ಕಿಗೆ ಬಾಧಕವಾಗಕೂಡದು. ಮಸೂದೆಯ ವಿಚಾರಣೆ ಮಂಡ್ಯದಲ್ಲಿಯೇ ನಡೆಯುವುದಾದರೆ ನಾವು ಹಾಜರಾಗಿ ಹೇಳಿಕೆ ಕೊಡಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಧೇಯರು,
ಬೆಸಗರಹಳ್ಳಿ ಹೋಬಳಿಯ ನಾಗರಿಕರು