ಬೀಗ ನಮ್ಮ ಮನೆಯದು, ಕೀಲಿ ಯಾರ ಕೈಲಿ?

ಮೂಲೆಯಲ್ಲಿ ಮಿಣುಕುವ ವೈಫೈ ರೌಟರ್ ಕೂಡ ಒಂದು ಪುಟ್ಟ ಕಂಪ್ಯೂಟರ್. ದೂರದಿಂದಲೇ ಅದರೊಳಗೆ ಹೋಗಿ ಸರಿಪಡಿಸಲು ಅನೇಕ ರೌಟರ್‌ಗಳಲ್ಲಿ ಎಸ್‌ಎಸ್‌ಎಚ್ ಎಂಬ ಬೀಗ ಹಾಕಿದ ಬಾಗಿಲಿರುತ್ತದೆ. ಮೆಮೊರಿ ಕಡಿಮೆಯಿರುವ ಇಂಥ ಪೆಟ್ಟಿಗೆಗಳಿಗೆಂದೇ ಆಸ್ಟ್ರೇಲಿಯಾದ ಮ್ಯಾಟ್ ಜಾನ್‌ಸ್ಟನ್ 2003ರಲ್ಲಿ ‘ಡ್ರಾಪ್‌ಬೇರ್’ ಎಂಬ ಹಗುರವಾದ ತಂತ್ರಾಂಶ ಹೊರತಂದರು. ಅದು ಉಚಿತ. ಯಾರು ಬೇಕಾದರೂ ತಿದ್ದಿಕೊಳ್ಳಬಹುದು.

ಕಳ್ಳರೂ ತಿದ್ದಿದರು. ಯುಕ್ರೇನಿನ ಮಾಧ್ಯಮ ಮತ್ತು ವಿದ್ಯುತ್ ಸಂಸ್ಥೆಗಳ ಮೇಲಿನ ದಾಳಿಗಳನ್ನು ಪರಿಶೀಲಿಸಿದ ಇಸೆಟ್ ಕಂಪನಿಗೆ ಒಂದು ಸರ್ವರ್‌ನಲ್ಲಿ ತಿದ್ದಿದ ಡ್ರಾಪ್‌ಬೇರ್ ಸಿಕ್ಕಿತು. 2016ರ ಜನವರಿಯಲ್ಲಿ ಅದು ಈ ವಿಷಯ ಬಯಲು ಮಾಡಿತು. ಕಳ್ಳರು ತಮ್ಮದೇ ಪಾಸ್‌ವರ್ಡನ್ನು ಅದರೊಳಗೆ ಸೇರಿಸಿಟ್ಟಿದ್ದರು.

ಹಾಗಾದರೆ ಉಚಿತ ತಂತ್ರಾಂಶವೇ ಅಪಾಯವೇ? ನಾವು ಒಪ್ಪುವುದಿಲ್ಲ. ಮೂಲ ಡ್ರಾಪ್‌ಬೇರ್ ಎಲ್ಲರ ಕಣ್ಣೆದುರಿಗಿದೆ. ಕಾಣದಿರುವುದು ನಮ್ಮ ಪೆಟ್ಟಿಗೆಯೊಳಗೆ ಸೇರಿರುವ ತಿದ್ದಿದ ಪ್ರತಿ. ಏನು ತಿದ್ದಿದೆವೆಂದು ತೋರಿಸಬೇಕೆಂಬ ಷರತ್ತು ಅದರ ಪರವಾನಗಿಯಲ್ಲಿಲ್ಲ. ಆದ್ದರಿಂದ ನಾವೇ ಕೇಳಬೇಕು.

‘ಹಳ್ಳಿಯವರಿಗೆ ಇದೆಲ್ಲ ಯಾಕೆ’ ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ: ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿದವರು ಯಾರೆಂದು ನಾವು ಕೇಳುವುದಿಲ್ಲವೇ? ಪಂಚಾಯಿತಿ, ಡೇರಿ, ಶಾಲೆಯ ರೌಟರ್ ಅದಕ್ಕಿಂತ ಕಡಿಮೆಯದೇ?

ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿದ್ದೀರಾ? ಹೊರಗಿನಿಂದ ಬರುವ ಬಾಗಿಲು ಮುಚ್ಚಿದ್ದೀರಾ? ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೀರಿ?

ಉತ್ತರ ಬಾಯಿಮಾತಲ್ಲಿ ಬೇಡ, ನಡಾವಳಿ ಪುಸ್ತಕದಲ್ಲಿ ಬರೆಸಿ.